ಒಂಬತ್ತನೇ ಪ್ರಶ್ನೆ

ಕನ್ನಡ ಬರುವವರು ಯಾರಾದರೂ ಇದ್ದೀರಾ ಎಂದು
ಮೈಕಿನಲ್ಲಿ ಕೂಗಿದರು, ಹಿಂದಿಯಲ್ಲಿ.
ಹೋದೆ, ಒಗೆದು ಬಂದ ಚಾದರಗಳ ಎಣಿಕೆ ಅರ್ಧಕ್ಕೇ ಬಿಟ್ಟು.
ಸೊಹಾರಿನ ಆಸ್ಪತ್ರೆ, ನಾಲ್ಕನೇ ಮಹಡಿ.
ಕಿಟಕಿಯಾಚೆ ಬಂದರಿನ ಕ್ರೇನುಗಳು
ಬಿಸಿಲಲ್ಲಿ ಅರ್ಧ ಅಳಿಸಿಹೋಗಿದ್ದವು.

ಹಾಸಿಗೆಯ ಮೇಲೆ ದೇವೀಂದ್ರಪ್ಪ. ಶಹಾಪುರದ ಕಡೆಯವನು,
ಶಟರಿಂಗ್ ಬಡಗಿ. ಬೆವರು. ಆಕಳಿಕೆ. ನಿಲ್ಲದ ಮೂಗು.
ನನ್ನದು ಕುಮಟೆಯ ಮಾತು.
ಅವನ ಟೊಂಕ ನನ್ನ ಬಾಯಲ್ಲಿ ಸೊಂಟವಾಗಿ,
ಅಲ್ಲಿಂದ ಇಂಗ್ಲಿಷಾಗಿ,
ಡಾಕ್ಟರ್ ಇಖ್ಲಾಸರ ಕಾಗದದ ಮೇಲೆ
ಅರಬಿಯಾಗಿ ಬಲದಿಂದ ಎಡಕ್ಕೆ ನಡೆಯಿತು.
ಅಷ್ಟು ದೂರ ನಡೆದರೆ ಯಾರ ಸೊಂಟ ಸುಮ್ಮನಿದ್ದೀತು?

'ಅಲಮ್?' ಎಂದರು ಡಾಕ್ಟರು, ಸುಡಾನಿನವರು, ಮೆಲ್ಲಗೆ.
ಅರಬಿಯಲ್ಲಿ ನೋವಿಗೆ ಆ ಹೆಸರು.
ಅವನು ತಟ್ಟನೆ ಕಣ್ಣು ತೆರೆದ:
'ಅಲಾಯಿ ಏನ್ರಿ? ಇಲ್ಲೂ ದೇವರು ಕೂಡಸ್ತಾರ?'
ಅವನ ಊರಲ್ಲಿ ಕುಣಿ ತೋಡಿ, ಕಟ್ಟಿಗೆ ಒಟ್ಟಿ,
ನಸುಕಿಗೆ ಕೆಂಡ ಹಾಯುತ್ತಾರಂತೆ.
ಒಂದು ವರ್ಷ ತಾನೂ ಹಾದನಂತೆ. ಕಾಲು ಸುಡಲಿಲ್ಲವಂತೆ.
ಇದನ್ನು ಹೇಗೆ ದಾಟಿಸಲಿ?
'ಹೌದು, ನೋವಿದೆಯಂತೆ' ಎಂದೆ.

ಎಂಟು ಪ್ರಶ್ನೆ ಸಲೀಸು.
ಬೀಡಿ ಹೌದು. ಸೆರೆ ಇಲ್ಲ. ಮಕ್ಕಳು ಇಬ್ಬರು. ನಿದ್ದೆ ಇಲ್ಲ.
ಒಂಬತ್ತನೆಯದಕ್ಕೆ ಎರಡು ಚೌಕ:
ಮೊದಲು ಯಾವುದು, ಗಾಂಜಾವೋ ಗುಳಿಗೆಯೋ?

'ಸೊಪ್ಪು ಅಂದ್ರ ಮಠದಾಗ ಚಿಲುಮಿಯೊಳಗ ಕೊಡ್ತಿದ್ರು,
ಅಮಾಸಿಗೊಮ್ಮೆ, ಭಜನಿ ಮುಗದ ಮ್ಯಾಲ.
ಅದನ್ನ ಚಟ ಅಂತ ಯಾರೂ ಅಂದಿಲ್ರಿ.
ಇಲ್ಲಿ ಬಂದು ಏಳು ವರ್ಷ ಮುಟ್ಟಿಲ್ಲ, ಜೇಲಿಗಿ ಹಾಕ್ತಾರ.
ಹಲಗಿ ಜಾರಿ ಎರಡನೇ ಸ್ಲ್ಯಾಬಿಂದ ಬಿದ್ದೆ ನೋಡ್ರಿ.
ಗುಳಗಿ ಡಾಕ್ಟರೇ ಬರ್ದು ಕೊಟ್ಟಾರ, ಶಿಕ್ಕಾ ಹೊಡದು.
ಶಿಕ್ಕಾ ಬಿದ್ದದ್ದು ತಪ್ಪು ಹ್ಯಾಂಗಾದೀತು?'

ಹತ್ತರ ಪಟ್ಟಿ ಐದು ದಿನ ಬಂತು. ಆಮೇಲೆ ಎರಡು ದಿನ.
ಚೀಟಿ ಮುಗಿಯಿತು, ಟೊಂಕ ಮುಗಿಯಲಿಲ್ಲ.
ಗುರುವಾರ ರಾತ್ರಿ ಕ್ಯಾಂಪಿನ ಹಿಂದೆ
ನೀರಿನ ಟ್ಯಾಂಕರಿನ ಒಬ್ಬ ಬರುತ್ತಿದ್ದನಂತೆ,
ಒಂದು ಕೈಯಲ್ಲಿ ಪಟ್ಟಿ, ಇನ್ನೊಂದರಲ್ಲಿ ಪುಡಿಕೆ:
ಇದನ್ನು ಸೇದು, ಅದು ಕಡಿಮೆ ಸಾಕಾಗುತ್ತದೆ.

ಕೆಲವು ರಾತ್ರಿ ಸಾಕಾಯಿತು, ನಿಜ.
ಒಂದೇ ಗುಳಿಗೆಗೆ ಬೆಳಗಾಯಿತು.
ಕೆಲವು ರಾತ್ರಿ ಸೇದಿದ ಹೊಗೆಯಲ್ಲಿ
ಎಣಿಕೆಯೇ ತಪ್ಪಿ, ಎರಡು ಅಂದುಕೊಂಡದ್ದು ಆರಾಗಿ,
ಆರನೆಯದು ಅವನನ್ನು ಇಲ್ಲಿಗೆ ಹೊತ್ತು ತಂದಿತು.

ಡಾಕ್ಟರರ ಪೆನ್ನು ಕಾಯುತ್ತಿತ್ತು.
'ಈ ಕಾಗದ ಪೊಲೀಸರಿಗೆ ಹೋಗುವುದಿಲ್ಲ ಎಂದು ಹೇಳು' ಎಂದರು.
ಹೇಳಿದೆ. ನಂಬಿ ಹೇಳಿದೆನೋ,
ಹೇಳುತ್ತ ಹೇಳುತ್ತ ನಂಬಿದೆನೋ.
ಚಾದರ ಎತ್ತಿ ಎತ್ತಿ ನನ್ನ ಮಂಡಿಯೂ ಹೋಗಿದೆ;
ಅತ್ತಿಗೆ ಊರಿಂದ ಉಪ್ಪಿನಕಾಯಿ ಡಬ್ಬಿಯೊಳಗೆ ತಂದ
ಒಂದು ಪಟ್ಟಿ ನನ್ನ ಬ್ಯಾಗಿನಲ್ಲಿದೆ.
ಅದರ ಮೇಲಿನ ಹೆಸರನ್ನು ನಾನು ಈವರೆಗೆ ಓದಿಲ್ಲ.

ಬಿದ್ದದ್ದು ಮೊದಲು, ಎಂದೆ.
ಬೀಳುವುದಕ್ಕೆ ಇಲ್ಲಿ ಚೌಕವಿಲ್ಲ, ಎಂದರು ಅವರು.
ಅಂಚಿನ ಖಾಲಿ ಜಾಗದಲ್ಲಿ ಸಣ್ಣಗೆ ಏನೋ ಬರೆದುಕೊಂಡರು,
ಬಲದಿಂದ ಎಡಕ್ಕೆ. ಏನೆಂದು ನನಗೆ ಓದಲು ಬರದು.

ಏಳುವಾಗ ನನ್ನ ತೋಳು ಹಿಡಿದ. ಅಂಗೈ ತಣ್ಣಗೆ, ಒದ್ದೆ.
'ಅಕ್ಕಾ, ಮನಿಗಿ ಫೋನ್ ಹಚ್ಚಿದ್ರ
ಟೊಂಕ ಅಂತ ಅಷ್ಟ ಹೇಳ್ರಿ.'